ಬೆಳೆ ಕಾಯುವ ಕೋವಿ: ಲೈಸೆನ್ಸಿಗೆ ತಗಲುವ ಖರ್ಚೆಷ್ಟು, ಅದರಿಂದ ಆಗುವ ಉಪಯೋಗವೇನು?



ಭತ್ತ ತೆನೆ ಕಟ್ಟುವ ಕಾಲ ಬಂದಿತೆಂದರೆ ನಮ್ಮ ಬ್ಲಾಕಿನ ಕಾಡಂಚಿನ ಹಳ್ಳಿಗಳಲ್ಲಿ ಒಂದೇ ಮಾತು: ಹಂದಿ ಬಂತು, ಮಂಗ ಬಂತು, ಬಾಳೆ ಹೋಯಿತು. ಇಂಥ ಸಮಯದಲ್ಲಿ ನಾನು ಗದ್ದೆಯ ಬದುವಿನ ಮೇಲೆ ಹೋಗುತ್ತಿದ್ದರೆ ಯಾರಾದರೊಬ್ಬರು ಕರೆದು ಕೇಳುವುದುಂಟು, "ತಮ್ಮಾ, ಕೋವಿ ಲೈಸೆನ್ಸಿಗೆ ಎಷ್ಟು ಕಟ್ಟಬೇಕು?" ಗೊಬ್ಬರದ ಬೆಲೆ ಕೇಳಿದಂತೆಯೇ ಇದನ್ನೂ ಕೇಳುತ್ತಾರೆ. ಆದರೆ ಇದಕ್ಕೆ ಒಂದೇ ಅಂಕಿಯಲ್ಲಿ ಉತ್ತರ ಹೇಳಿದರೆ ಅದು ಅರ್ಧ ಉತ್ತರವಾಗುತ್ತದೆ. ಅರ್ಧ ಉತ್ತರದಿಂದ ಏನಾಗಬಹುದೆಂಬುದನ್ನು ನಾನೇ ಒಮ್ಮೆ ಕಂಡಿದ್ದೇನೆ. ಅದನ್ನು ಮೊದಲು ಹೇಳಿ ಮುಂದಕ್ಕೆ ಹೋಗುತ್ತೇನೆ.

ನನ್ನಿಂದಾದ ತಪ್ಪು

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ. ನನ್ನ ಸರ್ಕಲ್ಲಿನ ಒಂದು ಹಳ್ಳಿಯಲ್ಲಿ ಹಿರಿಯ ರೈತರೊಬ್ಬರು ತೀರಿಕೊಂಡರು. ಅವರ ಹೆಸರಿನಲ್ಲಿ ಬೆಳೆ ರಕ್ಷಣೆಯ ಒಂದು ಕೇಪಿನ ಕೋವಿ ಇತ್ತು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಮಗ ನನ್ನನ್ನು ಕೇಳಿದ: "ಅಪ್ಪ ಹಣ ಕಟ್ಟಿದ್ದಾರೆ, ಇನ್ನೂ ಎರಡು ವರ್ಷ ಲೈಸೆನ್ಸು ಇದೆ. ಅಲ್ಲಿಯವರೆಗೆ ನಡೆಯುತ್ತದಲ್ಲವೇ?" ನಾನು ಹೆಚ್ಚು ಯೋಚಿಸದೆ "ನಡೆಯುತ್ತದೆ" ಎಂದುಬಿಟ್ಟೆ. ಕೋವಿ ಅಟ್ಟದ ಮೇಲೆಯೇ ಉಳಿಯಿತು.

ಮರುವಾರ ತಾಲ್ಲೂಕು ಕಚೇರಿಗೆ ಹೋದಾಗ ವಿಚಾರಿಸಿದರೆ ವಿಷಯ ಬೇರೆಯೇ ಇತ್ತು. ಲೈಸೆನ್ಸೆಂಬುದು ಕೋವಿಗೆ ಕೊಡುವುದಲ್ಲ, ವ್ಯಕ್ತಿಗೆ ಕೊಡುವುದು. ವ್ಯಕ್ತಿ ತೀರಿಕೊಂಡ ದಿನವೇ ಅದರ ಬಲ ಹೋಗುತ್ತದೆ. ಅಲ್ಲಿಂದ ಮುಂದೆ ಆ ಮನೆಯಲ್ಲಿರುವುದು ಲೈಸೆನ್ಸಿಲ್ಲದ ಆಯುಧ. 2019ರ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಂಡವರಿಗೆ ಎರಡು ವರ್ಷಕ್ಕೆ ಕಡಿಮೆಯಿಲ್ಲದಂತೆ ಐದು ವರ್ಷದವರೆಗೆ ಸಜೆ, ಮೇಲೆ ಜುಲ್ಮಾನೆ. ಅಂದು ಸಂಜೆಯೇ ನಾನು ಆ ಮನೆಗೆ ಓಡಿದೆ. ಮಾರನೆಯ ದಿನ ಬೆಳಗ್ಗೆ ಇಬ್ಬರೂ ಠಾಣೆಗೆ ಹೋಗಿ ಇದ್ದ ಸಂಗತಿ ಹೇಳಿ ಕೋವಿಯನ್ನು ಒಪ್ಪಿಸಿ ರಸೀದಿ ಪಡೆದೆವು. ದೇವರ ದಯೆ, ಅಷ್ಟರೊಳಗೆ ಯಾರೂ ಕೇಳಿರಲಿಲ್ಲ. ಆ ವರ್ಷ ಆ ಮನೆಯವರು ಅಟ್ಟಣೆ ಕಟ್ಟಿ, ಡಬ್ಬಿ ಬಡಿದು ಗದ್ದೆ ಕಾಯಬೇಕಾಯಿತು. ಅರ್ಧ ಎಕರೆಯ ಭತ್ತ ಹಂದಿಯ ಪಾಲಾಯಿತು. ನನ್ನ ಮಾತು ನಂಬಿ ಸುಮ್ಮನಿದ್ದಿದ್ದರೆ ಹೋಗುತ್ತಿದ್ದುದು ಅರ್ಧ ಎಕರೆಯ ಭತ್ತವಲ್ಲ, ಮನೆಯ ದುಡಿಯುವ ಮಗ. ಆದ್ದರಿಂದಲೇ ಈ ಬಾರಿ ಈ ವಿಷಯವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಬೆಳೆಗಾರನಿಗೆ ಯಾವ ಕೋವಿ?

ನಮ್ಮ ದೇಶದಲ್ಲಿ ಕೋವಿಗಳ ವಿಷಯವೆಲ್ಲ 1959ರ ಆಯುಧ ಕಾಯಿದೆಗೆ ಸೇರಿದ್ದು. ಅದು 1962ರಿಂದ ಜಾರಿಯಲ್ಲಿದೆ. ಅದರ ಅಡಿಯಲ್ಲಿ ಈಗ ನಡೆಯುತ್ತಿರುವುದು 2016ರ ಆಯುಧ ನಿಯಮಗಳು.

ಈ ಕಾಯಿದೆಯ 13ನೆಯ ಕಲಮಿನಲ್ಲಿ ಬೆಳೆಗಾರನ ಹೆಸರನ್ನೇ ಎತ್ತಿ ಹೇಳಿದಂತಿದೆ. ನಿಜವಾಗಿಯೂ ಬೆಳೆ ರಕ್ಷಣೆಗಾಗಿ ಬೇಕಾದವನಿಗೆ ಮೂತಿಯಿಂದ ಮದ್ದು ತುಂಬುವ ಕೋವಿ, ಎಂದರೆ ನಮ್ಮ ಕೇಪಿನ ಕೋವಿ, ಕೊಡಬಹುದಾದದ್ದು. ಅದು ಸಾಲದೆಂದು ಲೈಸೆನ್ಸು ಕೊಡುವ ಅಧಿಕಾರಿಗೆ ಮನವರಿಕೆಯಾದರೆ ನಯ ನಳಿಗೆಯ ತೋಟಾ ಕೋವಿಗೂ ಲೈಸೆನ್ಸು ಕೊಡಬಹುದು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪಿಸ್ತೂಲು, ರಿವಾಲ್ವರುಗಳು ಈ ಸಾಲಿಗೆ ಸೇರಿದವಲ್ಲ. ಅವಕ್ಕೆ ಬೇರೆ ತಕ್ಕ ಕಾರಣ ತೋರಿಸಬೇಕು. ಗದ್ದೆ ಕಾಯುವುದಕ್ಕೆ ಅವು ಉಪಯೋಗವೂ ಇಲ್ಲ. ಪೇಟೆಯವರ ಮಾತು ಕೇಳಿ "ಪಿಸ್ತೂಲೇ ಇರಲಿ" ಎಂದು ಹೊರಡುವವರು ಹಣವನ್ನೂ ದಿನವನ್ನೂ ಕಳೆದುಕೊಳ್ಳುತ್ತಾರೆ.

ಶುಲ್ಕದ ಏರ್ಪಾಟೂ ಇದೇ ರೀತಿಯಲ್ಲಿದೆ. 2016ರ ನಿಯಮಗಳು ಬರುವ ಮುಂಚೆ ಹೊಸ ಲೈಸೆನ್ಸಿಗೆ ಪಿಸ್ತೂಲು, ರಿವಾಲ್ವರಾದರೆ 100 ರೂ., ತೋಟಾ ಕೋವಿಗೆ 40 ರೂ., ಕೇಪಿನ ಕೋವಿಗೆ 10 ರೂ. ಇತ್ತು. ನವೀಕರಣಕ್ಕೆ ಅದರಲ್ಲಿ ಅರ್ಧ. 2016ರಲ್ಲಿ ದರಗಳನ್ನು ಏರಿಸಲಾಯಿತು. ಹಳೆಯ ದರ ಮನಸ್ಸಿನಲ್ಲಿಟ್ಟುಕೊಂಡು ಹೋದವರು ಹಿಂದಿರುಗಿ ಬರಬೇಕಾಗುತ್ತದೆ. ಹೊರಡುವ ಮುಂಚೆ ಜಿಲ್ಲಾಧಿಕಾರಿಗಳ ಕಚೇರಿಯ ಆಯುಧ ಶಾಖೆಯಲ್ಲಿ ಆ ದಿನದ ದರವನ್ನು ಕೇಳಿ ಬರೆದುಕೊಳ್ಳುವುದು ಮೇಲು.

ಶುಲ್ಕ ಯಾರಿಗೆ ಸೇರುತ್ತದೆ?

ಲೈಸೆನ್ಸಿನ ಶುಲ್ಕ ಸರ್ಕಾರದ ಬೊಕ್ಕಸಕ್ಕೆ ಸೇರತಕ್ಕ ಹಣ. ಅದನ್ನು ಸರ್ಕಾರದ ಲೆಕ್ಕಕ್ಕೆ ಕಟ್ಟಿ ರಸೀದಿ ಪಡೆಯಬೇಕು. ರಸೀದಿಯಿಲ್ಲದೆ ಯಾರ ಕೈಗೂ ಒಂದು ರೂಪಾಯಿ ಕೊಡಬೇಕಾದ್ದಿಲ್ಲ. ಅರ್ಜಿ ಹಾಕಿದ ಮೇಲೆ ಹತ್ತಿರದ ಠಾಣೆಯಿಂದ ವರದಿ ತರಿಸಿಕೊಳ್ಳುವುದು ಅಧಿಕಾರಿಯ ಕರ್ತವ್ಯ. ವಿಚಾರಣೆಗೆ ಬಂದವರಿಗೆ ಮನೆಯಲ್ಲಿ ಕಾಫಿ ಕೊಡುವುದು ನಮ್ಮ ಮರ್ಯಾದೆ. ಅದಕ್ಕಿಂತ ಹೆಚ್ಚಿನದು ಲೆಕ್ಕದಲ್ಲಿಲ್ಲ.

ಇನ್ನೊಂದು ಮಾತನ್ನು ಬಡ ರೈತರು ಮುಖ್ಯವಾಗಿ ತಿಳಿದಿರಬೇಕು. "ನಿನಗೆ ಆಸ್ತಿ ಸಾಲದು" ಎಂಬ ಒಂದೇ ಕಾರಣದಿಂದ ಲೈಸೆನ್ಸು ನಿರಾಕರಿಸುವಂತಿಲ್ಲವೆಂದು ಕಾಯಿದೆಯ 14ನೆಯ ಕಲಮಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಹತ್ತು ಎಕರೆ ತೋಟದವನಿಗೆ ಇರುವ ದಾರಿಯೇ ಒಂದು ಎಕರೆ ಗದ್ದೆಯವನಿಗೂ ಇದೆ. ನಿರಾಕರಿಸಿದರೆ ಅಧಿಕಾರಿ ಕಾರಣವನ್ನು ಬರೆದಿಡಬೇಕು. ಆ ಕಾರಣವನ್ನು ಕೇಳಿ ಪಡೆದು 18ನೆಯ ಕಲಮಿನಂತೆ ಮೇಲ್ಮನವಿ ಸಲ್ಲಿಸಬಹುದು.

ಅರ್ಜಿಗೆ ಬೇಕಾದವು

1. ವಯಸ್ಸು 21 ತುಂಬಿರಬೇಕು.

2. ನಿಯಮದಲ್ಲಿ ಹೇಳಿದ ಎ-1 ನಮೂನೆಯ ಅರ್ಜಿ, ಭಾವಚಿತ್ರಗಳು, ಗುರುತಿನ ಹಾಗೂ ವಿಳಾಸದ ದಾಖಲೆ, ಜನ್ಮ ದಿನಾಂಕದ ದಾಖಲೆ.

3. ಸಾಗುವಳಿ ತೋರಿಸುವ ಪಹಣಿ. ಕಾಡುಪ್ರಾಣಿಗಳಿಂದ ಹಿಂದೆ ಬೆಳೆ ಹಾನಿಯಾಗಿ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟಿದ್ದರೆ ಅದರ ಪ್ರತಿಯನ್ನೂ ಇಟ್ಟುಕೊಳ್ಳಿ. ಕೋವಿ ಬೇಕೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

4. ವೈದ್ಯರ ಸರ್ಟಿಫಿಕೇಟು.

5. ಕೋವಿಯನ್ನು ಸುರಕ್ಷಿತವಾಗಿ ಬಳಸುವ ಬಗ್ಗೆ ತರಬೇತಿ ಪಡೆದ ಪತ್ರ.

6. ಕೋವಿಯನ್ನು ಮನೆಯಲ್ಲಿ ಭದ್ರವಾಗಿ ಬೀಗದೊಳಗೆ ಇಡುತ್ತೇನೆಂಬ ಮುಚ್ಚಳಿಕೆ.

ಕೊಟ್ಟ ಲೈಸೆನ್ಸಿನ ಮೇಲೆ ವಿಶಿಷ್ಟ ಗುರುತಿನ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಿ. ಹಿಂದಿನ ಕಾಲದ ಪುಸ್ತಕದಂಥ ಲೈಸೆನ್ಸಿನಲ್ಲಿ ಈ ಸಂಖ್ಯೆ ಇಲ್ಲದಿದ್ದರೆ ತಡಮಾಡದೆ ಶಾಖೆಯಲ್ಲಿ ವಿಚಾರಿಸತಕ್ಕದ್ದು.

ನಿಜವಾದ ಖರ್ಚಿನ ಲೆಕ್ಕ

ಈಗ ಖರ್ಚಿನ ಮಾತಿಗೆ ಬರೋಣ. ಕೆಳಗಿನ ಅಂಕಿಗಳು ಲೆಕ್ಕ ತೋರಿಸುವುದಕ್ಕಾಗಿ ಇಟ್ಟುಕೊಂಡವು. ನಿಮ್ಮ ಊರಿನ ಕೂಲಿ, ಬಸ್ಸಿನ ಚಾರ್ಜು ಹಾಕಿ ನೀವೇ ತಿದ್ದಿಕೊಳ್ಳಬೇಕು.

ಅರ್ಜಿಗೆ ಒಂದು ದಿನ, ವೈದ್ಯರಲ್ಲಿಗೆ ಒಂದು ದಿನ, ತರಬೇತಿಗೆ ಎರಡು ದಿನ, ಠಾಣೆಗೆ ಒಂದು ದಿನ, ಲೈಸೆನ್ಸು ತರಲು ಒಂದು ದಿನ, ಒಟ್ಟು 6 ದಿನ ಎಂದಿಟ್ಟುಕೊಳ್ಳಿ. ದಿನಕ್ಕೆ ಕೂಲಿ 500 ರೂ., ಬಸ್ಸು ಊಟಕ್ಕೆ 150 ರೂ. ಆದರೆ 3,900 ರೂ. ಆಯಿತು. ಮದ್ದು, ಕೇಪು ಅಥವಾ ತೋಟಾಗಳಿಗೆ ವರ್ಷಕ್ಕೆ 1,000 ರೂ.ನಂತೆ ಐದು ವರ್ಷಕ್ಕೆ 5,000 ರೂ. ಕೋವಿಯ ರಿಪೇರಿ, ಎಣ್ಣೆ ಇತ್ಯಾದಿಗೆ ವರ್ಷಕ್ಕೆ 500 ರೂ.ನಂತೆ 2,500 ರೂ. ಒಟ್ಟು 11,400 ರೂ. ಎಂದರೆ ವರ್ಷಕ್ಕೆ 2,280 ರೂ. ಇದರಲ್ಲಿ ಕೋವಿಯ ಬೆಲೆಯೂ ಸೇರಿಲ್ಲ, ಲೈಸೆನ್ಸಿನ ಶುಲ್ಕವೂ ಸೇರಿಲ್ಲ.

ಲೈಸೆನ್ಸಿನ ಅವಧಿ ಮೊದಲು ಮೂರು ವರ್ಷವಿತ್ತು. 2019ರ ತಿದ್ದುಪಡಿಯಿಂದ ಐದು ವರ್ಷವಾಗಿದೆ. ಆದ್ದರಿಂದ ಐದು ವರ್ಷದ ಲೆಕ್ಕ ಹಾಕುವುದೇ ಸರಿ. ನಿಮ್ಮ ಗದ್ದೆಯಲ್ಲಿ ವರ್ಷಕ್ಕೆ ಮೂರು ಕ್ವಿಂಟಲ್ ಭತ್ತ ಹಂದಿಯ ಪಾಲಾಗುತ್ತಿದ್ದರೆ, ಕ್ವಿಂಟಲಿಗೆ 2,000 ರೂ. ಹಿಡಿದರೂ 6,000 ರೂ. ನಷ್ಟ. ಅದರಲ್ಲಿ ಅರ್ಧ ಉಳಿದರೂ ಮೇಲಿನ ಖರ್ಚು ಗಿಟ್ಟಿತು. ಹೋಗುವುದು ಅರ್ಧ ಕ್ವಿಂಟಲಾದರೆ ನಷ್ಟ 1,000 ರೂ. ಮಾತ್ರ. ಅಂಥವರಿಗೆ ಕೋವಿ ದುಬಾರಿ ಕಾವಲುಗಾರ. ಒಳ್ಳೆಯ ಬೇಲಿಯೇ ಲೇಸು.

ಲೈಸೆನ್ಸು ಕೊಲ್ಲುವ ಅಪ್ಪಣೆಯಲ್ಲ

ಬಹಳ ಮಂದಿ ತಪ್ಪು ತಿಳಿದಿರುವುದು ಇಲ್ಲಿಯೇ. "ಬೆಳೆ ರಕ್ಷಣೆಗೆ ಎಂದು ಹಣ ಕಟ್ಟಿಸಿಕೊಂಡರು, ಆದ್ದರಿಂದ ಗದ್ದೆಗೆ ಬಂದ ಪ್ರಾಣಿಯನ್ನು ಹೊಡೆಯಬಹುದು" ಎನ್ನುತ್ತಾರೆ. ಇದು ಸರಿಯಲ್ಲ. ಕೋವಿ ಇಟ್ಟುಕೊಳ್ಳುವುದು ಆಯುಧ ಕಾಯಿದೆಗೆ ಸೇರಿದ್ದು. ಪ್ರಾಣಿಯನ್ನು ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಸೇರಿದ್ದು. ಒಂದರ ಹಣ ಇನ್ನೊಂದಕ್ಕೆ ನಡೆಯುವುದಿಲ್ಲ.

ಆನೆ, ಕಾಟಿ, ನವಿಲು ಇವು ಮೊದಲನೆಯ ಅನುಸೂಚಿಯ ಪ್ರಾಣಿಗಳು. ಬೆಳೆ ತಿಂದವೆಂದು ಇವುಗಳ ಮೇಲೆ ಗುಂಡು ಹಾರಿಸುವಂತೆಯೇ ಇಲ್ಲ. ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಎರಡನೆಯ ಅನುಸೂಚಿಯ ಪ್ರಾಣಿಯಿಂದ ಜನರ ಪ್ರಾಣಕ್ಕೋ ನಿಂತ ಬೆಳೆಗೋ ಅಪಾಯವಿದೆಯೆಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಬರವಣಿಗೆಯಲ್ಲಿ ಅಪ್ಪಣೆ ಕೊಡಬಹುದು. ಆ ಕಾಗದ ಕೈಯಲ್ಲಿಲ್ಲದೆ ಹೊಡೆದರೆ ಕೋವಿಗೆ ಲೈಸೆನ್ಸಿದ್ದರೂ ಮೊಕದ್ದಮೆ ತಪ್ಪಿದ್ದಲ್ಲ. ಪ್ರಾಣಿ ಮೈಮೇಲೆ ಬಿದ್ದು, ಪ್ರಾಣ ಉಳಿಸಿಕೊಳ್ಳಲು ಬೇರೆ ದಾರಿಯಿಲ್ಲದೆ ಒಳ್ಳೆಯ ನಂಬಿಕೆಯಿಂದ ಹೊಡೆದದ್ದು ಅಪರಾಧವಲ್ಲ. ಆಗಲೂ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಅದನ್ನು ಮುಟ್ಟದೆ ಅರಣ್ಯದವರಿಗೆ ತಿಳಿಸಬೇಕು.

ಹಾಗಾದರೆ ಕೋವಿಯಿಂದ ಏನು ಉಪಯೋಗ ಎಂದು ಕೇಳುತ್ತೀರಿ. ಆಕಾಶಕ್ಕೆ ಒಂದು ಈಡು ಹಾರಿಸಿದರೆ ಹಿಂಡು ಚೆದರುತ್ತದೆ. ನಮ್ಮ ಕಡೆಯ ಅನುಭವಸ್ಥರೆಲ್ಲ ಇದನ್ನೇ ಮಾಡುತ್ತಾರೆ. ಈಡಿನ ಸದ್ದಿಗೆ ಕಟ್ಟಿದ ಹಣವೆಂದು ತಿಳಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ಹಾರಿಸುವ ದಿಕ್ಕಿನಲ್ಲಿ ಮನೆ, ದಾರಿ, ಪಕ್ಕದ ಗದ್ದೆಯ ಕಾವಲು ಗುಡಿಸಲು ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಹಾರಿಸಬೇಕು. ಮೇಲಕ್ಕೆ ಹೋದದ್ದು ಎಲ್ಲಿಯಾದರೂ ಕೆಳಕ್ಕೆ ಬೀಳಲೇಬೇಕು.

ಮರೆಯಬಾರದ ಮಾತುಗಳು

1. ಅವಧಿ ಮುಗಿಯುವ ಎರಡು ತಿಂಗಳ ಮುಂಚೆಯೇ ನವೀಕರಣಕ್ಕೆ ಅರ್ಜಿ ಹಾಕಿ. ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಓದಲು ಬರುವ ಮಕ್ಕಳಿಗೂ ಹೇಳಿಡಿ.

2. ಅವಧಿ ಮುಗಿದುಹೋದರೆ, ಅಥವಾ ಲೈಸೆನ್ಸುದಾರ ತೀರಿಕೊಂಡರೆ, ತಡಮಾಡದೆ ಕೋವಿಯನ್ನು ಹತ್ತಿರದ ಠಾಣೆಯಲ್ಲೋ ಲೈಸೆನ್ಸುಳ್ಳ ಆಯುಧ ವ್ಯಾಪಾರಿಯಲ್ಲೋ ಒಪ್ಪಿಸಿ ರಸೀದಿ ಪಡೆಯಿರಿ. ಕೋವಿ ಕೈಬಿಟ್ಟುಹೋಗುವುದೆಂಬ ಭಯ ಬೇಡ. ವಾರಸುದಾರನು ತನ್ನ ಹೆಸರಿಗೆ ಲೈಸೆನ್ಸು ಕೇಳಬಹುದು. ಹಿರಿಯರು ಬದುಕಿರುವಾಗಲೇ, ಅವರಿಗೆ 70 ವರ್ಷ ತುಂಬಿದರೆ ಅಥವಾ 25 ವರ್ಷ ಕೋವಿ ಇಟ್ಟುಕೊಂಡಿದ್ದರೆ, ವಾರಸುದಾರನ ಹೆಸರಿಗೆ ಲೈಸೆನ್ಸು ಕೇಳುವುದಕ್ಕೂ 2016ರ ನಿಯಮಗಳಲ್ಲಿ ದಾರಿಯಿದೆ. ಅಜ್ಜಂದಿರಿರುವ ಮನೆಯವರು ಈ ಕೆಲಸವನ್ನು ಮುಂದಕ್ಕೆ ಹಾಕಬೇಡಿ.

3. ಕೋವಿಯನ್ನು ಇನ್ನೊಬ್ಬರ ಕೈಗೆ ಕೊಡಬೇಡಿ. ಅಣ್ಣತಮ್ಮಂದಿರಾದರೂ ಸರಿಯೇ. ನಡೆಯಲಾರದ ಹಿರಿಯರ ಕೋವಿಯನ್ನು ರಿಪೇರಿಗೋ ನವೀಕರಣಕ್ಕೋ ಮಗ ಒಯ್ಯಬೇಕಾದರೆ ಹಿರಿಯರು ಸಹಿ ಮಾಡಿದ ಒಪ್ಪಿಗೆ ಕಾಗದ ಜೊತೆಯಲ್ಲಿರಬೇಕು.

4. ಮದುವೆ, ಜಾತ್ರೆ, ಮೆರವಣಿಗೆಗಳಲ್ಲಿ ಸಂತೋಷಕ್ಕೆಂದು ಈಡು ಹಾರಿಸಬೇಡಿ. ಅಜಾಗರೂಕತೆಯಿಂದ ಹಾರಿಸಿ ಇತರರಿಗೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷ ರೂ.ವರೆಗೆ ಜುಲ್ಮಾನೆ, ಅಥವಾ ಎರಡೂ ಆಗಬಹುದು.

5. ಕೋವಿ ಬೇರೆ, ಮದ್ದು ಬೇರೆ ಇಡಿ. ಎರಡಕ್ಕೂ ಬೀಗ ಹಾಕಿ. ತುಂಬಿದ ಕೋವಿಯನ್ನು ಜಗುಲಿಯ ಮೂಲೆಯಲ್ಲಿ ಒರಗಿಸುವ ಅಭ್ಯಾಸ ಇಂದೇ ಬಿಡಿ. ಮಕ್ಕಳಿಗೆ ಅದು ಆಟದ ಸಾಮಾನಿನಂತೆ ಕಾಣುತ್ತದೆ.

6. ಚುನಾವಣೆ ಘೋಷಣೆಯಾದಾಗ ಕೋವಿಗಳನ್ನು ಠಾಣೆಗೆ ಒಪ್ಪಿಸುವಂತೆ ಹೇಳುವುದುಂಟು. ಯಾರ ಕೋವಿ ಒಪ್ಪಿಸಬೇಕೆಂದು ಪರಿಶೀಲಿಸಲು ಜಿಲ್ಲಾ ಮಟ್ಟದಲ್ಲಿ ಒಂದು ಸಮಿತಿಯಿರುತ್ತದೆ. ಬೆಳೆ ಕಾಯಲು ಅದೇ ಕಾಲದಲ್ಲಿ ಕೋವಿ ಬೇಕಾಗಿದ್ದರೆ ಕಾರಣ ಬರೆದು, ಪಹಣಿ ಲಗತ್ತಿಸಿ, ವಿನಾಯಿತಿಗೆ ಅರ್ಜಿ ಕೊಡಿ. ಒಪ್ಪಿಸಿದರೆ ಕೋವಿಯ ನಂಬರು ಬರೆದ ರಸೀದಿ ಪಡೆದು, ಚುನಾವಣೆ ಮುಗಿದ ಮೇಲೆ ಹೋಗಿ ತನ್ನಿ.

ಕೊಡಗಿನವರ ವಿಷಯ

"ಕೊಡಗಿನಲ್ಲಿ ಲೈಸೆನ್ಸೇ ಬೇಡವಂತೆ, ನಮಗೇಕೆ ಬೇಕು?" ಎಂದು ಕೆಲವರು ಕೇಳುತ್ತಾರೆ. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಈ ವಿನಾಯಿತಿ ನಡೆದುಬಂದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ನಮ್ಮ ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುವ ಜನ ಅವರು. ಆದರೆ ವಿನಾಯಿತಿ ಇರುವುದು ಆ ಎರಡು ವರ್ಗದವರಿಗೆ ಮಾತ್ರ. ಕೊಡಗಿನಲ್ಲಿ ವಾಸವಿರುವ ಮಾತ್ರಕ್ಕೆ ಇತರರಿಗೆ ಸಿಗುವುದಿಲ್ಲ. ವನ್ಯಜೀವಿ ಕಾಯಿದೆಯಂತೂ ಅಲ್ಲಿಯೂ ಇಲ್ಲಿಯೂ ಒಂದೇ.

ಕೋವಿಯ ಜೊತೆಗೆ ಬೇರೆ ಕಾವಲು

ಕೋವಿಯೊಂದನ್ನೇ ನಂಬಿ ಕೂರಬೇಡಿ. ಸೋಲಾರ್ ಬೇಲಿಗೆ ಸಹಾಯಧನ ಸಿಗುವ ಬಗ್ಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಕಂಬದ ತಂತಿಯಿಂದ ನೇರವಾಗಿ ಬೇಲಿಗೆ ಕರೆಂಟು ಕೊಡುವುದು ಮಾತ್ರ ಎಂದಿಗೂ ಬೇಡ. ಅದು ಅಪರಾಧ. ರಾತ್ರಿ ನೀರು ಕಟ್ಟಲು ಹೋದ ನೆರೆಯವನೇ ಅದಕ್ಕೆ ಬಲಿಯಾಗಬಹುದು. ಬೆಳೆ ಹಾನಿಯಾದ ಕೂಡಲೇ ಭಾವಚಿತ್ರ ತೆಗೆದು ಪಹಣಿಯೊಡನೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ಅಕ್ಕಪಕ್ಕದ ನಾಲ್ಕಾರು ಗದ್ದೆಯವರು ಸೇರಿ ಸರದಿಯ ಮೇಲೆ ಅಟ್ಟಣೆ ಕಾಯ್ದರೆ ಒಬ್ಬೊಬ್ಬರಿಗೆ ವಾರಕ್ಕೆ ಒಂದೆರಡು ರಾತ್ರಿ ಮಾತ್ರ ನಿದ್ದೆ ಕೆಡುತ್ತದೆ. ಇದಕ್ಕೆ ಶುಲ್ಕವೂ ಇಲ್ಲ, ಲೈಸೆನ್ಸೂ ಬೇಡ.

ಮೇಲೆ ಹೇಳಿದ ಮನೆಯ ಮಗನಿಗೆ ಮುಂದಿನ ವರ್ಷ ತನ್ನ ಹೆಸರಿನಲ್ಲಿಯೇ ಲೈಸೆನ್ಸು ಬಂತು. ಠಾಣೆಯಿಂದ ತಂದೆಯ ಕೋವಿಯನ್ನು ಬಿಡಿಸಿಕೊಂಡು ಬಂದ ದಿನ ಆತ ನನ್ನನ್ನು ಕರೆದು ಅಟ್ಟದ ಕೆಳಗೆ ಹೊಸದಾಗಿ ಮಾಡಿಸಿದ ಬೀಗದ ಪೆಟ್ಟಿಗೆ ತೋರಿಸಿದ. ಲೈಸೆನ್ಸು ಮುಗಿಯುವ ದಿನಾಂಕವನ್ನು ಪೆಟ್ಟಿಗೆಯ ಮುಚ್ಚಳದ ಒಳಮೈ ಮೇಲೆ ಬಣ್ಣದಲ್ಲಿ ಬರೆಸಿದ್ದ. ತೆಗೆದಾಗಲೆಲ್ಲ ಕಣ್ಣಿಗೆ ಬೀಳಲಿ ಎಂದ. ಈ ಉಪಾಯ ನನಗೆ ಒಳ್ಳೆಯದೆಂದು ತೋರಿತು. ನೀವೂ ಮಾಡಿನೋಡಿ.

ಮುಂದಿನ ಗ್ರಾಮಸಭೆಗೆ ಬರುವಾಗ ಲೈಸೆನ್ಸಿರುವವರು ಅದನ್ನು ಜೊತೆಯಲ್ಲಿ ತನ್ನಿ, ಕೋವಿಯನ್ನು ಮನೆಯಲ್ಲಿಯೇ ಬಿಡಿ. ಅವಧಿ, ಗುರುತಿನ ಸಂಖ್ಯೆ, ಯಾರ ಹೆಸರಿನಲ್ಲಿದೆ, ಈ ಮೂರನ್ನೂ ಒಟ್ಟಿಗೆ ಕುಳಿತು ನೋಡೋಣ.

— ನಿಮ್ಮ ಗ್ರಾಮಸೇವಕ